ಹಿಮ್ಮಡಿಗೆ ಅಂಟಿದ ಸುಣ್ಣ

ಕುದುರೆ ಏರಿ ಹೊರಡುವ ವೀರರ ಕಥೆಗಳೆಂದರೆ ನನಗೆ ಹುಚ್ಚು. ನಮ್ಮ ಪಂಚಾಯಿತಿ ಲೈಬ್ರರಿಯಲ್ಲಿದ್ದ, ರಟ್ಟು ಕಿತ್ತುಹೋದ ಆ ಪುಸ್ತಕವನ್ನು ಎಷ್ಟು ಸಲ ಓದಿದೆನೋ! ಅದರ ನಾಯಕ, ಎದುರಾಳಿಯ ಕತ್ತಿ ಮುರಿದರೆ ತನ್ನ ಕತ್ತಿಯನ್ನೂ ಬಿಸಾಡುವವನು, ಊಟ ಹಾಕಿದವರಿಗೆ ಮೋಸ ಮಾಡದವನು. ಓದುವಾಗ ಕಣ್ಣು ತುಂಬುತ್ತಿತ್ತು, ಜೊತೆಗೇ ರೇಗುತ್ತಿತ್ತು. ಗೆಲ್ಲೋದು ಬಿಟ್ಟು ಇದೆಂಥ ದೊಡ್ಡಸ್ತಿಕೆ ಇವನದು!

ಆ ವರ್ಷ ಕಬಡ್ಡಿ ಫೈನಲ್ ಆಡಲು ಸಾಸಲು ಕಡೆಯ ಹಳ್ಳಿಗೆ ಹೋದೆವು. ಬಂದ ತಂಡದ ಹುಡುಗಿಯರಿಗೆ ಎದುರು ತಂಡದವರ ಮನೆಯಲ್ಲೇ ಊಟ ಹಾಕುವುದು ನಮ್ಮ ಕಡೆಯ ಪದ್ಧತಿ. ನನ್ನನ್ನು ಕರೆದೊಯ್ದ ಹುಡುಗಿಯ ತಾಯಿ, ಬೇಡವೆಂದರೂ ಇನ್ನೊಂದು ಮುದ್ದೆ ಇಕ್ಕಿದರು.

“ತಿನ್ನವ್ವ. ಸೋಲೋರಿಗೂ ಹೊಟ್ಟೆ ತುಂಬಿರ್ಲಿ.”

“ಯಾರು ಸೋಲ್ತಾರೋ ನೋಡಾಣ ಬುಡಿ ಅಮ್ಮ,” ಅಂದೆ ನಾನೂ ಬಿಡದೆ.

ಗೆಲ್ಲಲೇಬೇಕಿತ್ತು. ಬೆಳಿಗ್ಗೆ ಹೊರಡುವಾಗ ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ದ: “ಸೋತ್ರೆ ಇಲ್ಲಿಗೇ ಮುಗೀತು ನಿನ್ನ ಆಟ. ಮನೇಲಿರು.” ಆಟ ನೋಡಲು ತಾನೂ ಬಂದಿದ್ದ.

ಪಾಯಿಂಟ್ ಸಮಸಮ. ಕೊನೆಯ ರೈಡ್ ನನ್ನದು. ನನಗೆ ಊಟ ಹಾಕಿದ ಮನೆಯ ಹುಡುಗಿಯನ್ನೇ ಮುಟ್ಟಿ, ಅಂಚಿನ ಪಕ್ಕದಲ್ಲೇ ಓಡಿ ವಾಪಸ್ ಬಂದೆ. ಎದ್ದ ಧೂಳಿನಲ್ಲೇ ಅಂಪೈರ್ ಸೀಟಿ ಊದಿದರು. ಗೆದ್ದೆವು! ನಮ್ಮ ಹುಡುಗಿಯರು ನನ್ನನ್ನು ಎತ್ತಿಕೊಳ್ಳಲು ಓಡಿ ಬರುತ್ತಿದ್ದರು. ಕಾಲು ನೋಡಿಕೊಂಡೆ. ಹಿಮ್ಮಡಿಯಲ್ಲಿ ಬೆಳ್ಳಗೆ ಸುಣ್ಣ. ಅಂಚಿನ ಗೆರೆ ತುಳಿದು ಆಚೆಗೆ ಕಾಲಿಟ್ಟುಬಿಟ್ಟಿದ್ದೆ.

ಥೂ, ಆ ಪುಸ್ತಕ ಓದಲೇಬಾರದಿತ್ತು ಅನ್ನಿಸಿತು. ಕೈ ಎತ್ತಿದೆ.

“ಸರ್, ಗೆರೆ ತುಳಿದು ಆಚೆ ಹೋದೆ. ನಾನು ಔಟು.”

“ಲೇ, ನಿಂಗೇನು ತಲೆ ಕೆಟ್ಟಿದ್ಯೇನೇ!” ನಮ್ಮ ಕ್ಯಾಪ್ಟನ್ ಅರಚಿದಳು. ಪಾಯಿಂಟ್ ಅವರಿಗೆ ಹೋಯಿತು, ಪಂದ್ಯವೂ ಹೋಯಿತು.

ಅಪ್ಪ ನನ್ನನ್ನು ಬೈಕಿನಲ್ಲಿ ವಾಪಸ್ ಕರೆತಂದ. ಮನೆ ಮುಂದೆ ಇಳಿದ ಮೇಲೆ ಕೇಳಿದ: “ಬೆಳಿಗ್ಗೆ ಏನ್ ಹೇಳಿದ್ದೆ?”

ನನಗೆ ಮೈಯೆಲ್ಲ ಉರಿಯಿತು. “ನಾನು ಬಾಯಿ ಮುಚ್ಕೊಂಡು ಕಪ್ ತಂದಿದ್ರೆ ನೀನು ಆಡಕ್ಕೆ ಬಿಡ್ತಿದ್ದೆ. ನಿಜ ಹೇಳಿದ್ದಕ್ಕೆ ಮನೇಲಿ ಕೂರ್ಬೇಕಾ? ಕೂರಲ್ಲ ಅಪ್ಪ. ನಾಳೆನೂ ಹೋಗ್ತೀನಿ, ನಾಡಿದ್ದೂ ಹೋಗ್ತೀನಿ. ನೀನೇನಾದ್ರೂ ಮಾಡ್ಕೊ.”

ಅಪ್ಪ ಬೈಕಿಗೆ ಸ್ಟ್ಯಾಂಡ್ ಹಾಕಿ ಒಳಗೆ ಹೋದ.

ಮರುದಿನ ಬೆಳಿಗ್ಗೆ ಎದ್ದಾಗ ಅಪ್ಪ ಮನೆಯಲ್ಲಿರಲಿಲ್ಲ. ಯಾರು ತಡೆದರೂ ನಿಲ್ಲುವುದಿಲ್ಲವೆಂದು ಹಲ್ಲು ಕಚ್ಚಿಕೊಂಡೇ ನಮ್ಮೂರ ಮೈದಾನಕ್ಕೆ ನಡೆದೆ. ಅಪ್ಪ ಅಲ್ಲಿದ್ದ. ಸುಣ್ಣದ ಬಾಂಡ್ಲಿ ಹಿಡಿದು, ಬಗ್ಗಿಕೊಂಡು ಅಂಚಿನ ಗೆರೆ ಎಳೆಯುತ್ತಿದ್ದ.

“ದಪ್ಪಗೆ ಎಳ್ದಿದೀನಿ,” ಅಂದ, ತಲೆ ಎತ್ತದೆ. “ಇನ್ಮೇಲೆ ನೋಡ್ಕೊಂಡು ಓಡು.”