ಅರ್ಧ ಮೂರು

ರೂಲೊಫ್ ಕ್ರಾಮರ್ ಯಾರಿಗಾಗಿಯೂ ಕಾದವನಲ್ಲ. ಆಮ್‌ಸ್ಟರ್‌ಡ್ಯಾಮಿನ ಹತ್ತಿರದ ಐಮೌಡನ್ ಬಂದರಿನ ಶೆಡ್ಡಿನಲ್ಲಿ ನಲವತ್ತು ವರ್ಷ ಮೀನಿನ ಮುಳ್ಳು ಬಿಡಿಸಿದ ಮನುಷ್ಯ. ಸೈರನ್ ಕೂಗಿದಾಗ ಚಾಕು ಹಿಡಿದ, ಮತ್ತೆ ಕೂಗಿದಾಗ ಕೆಳಗಿಟ್ಟ. ಉಳಿದ ಲೋಕವೂ ಹಾಗೆಯೇ ನಡೆಯಬೇಕೆಂಬ ಹಟ ಬೇರೆ. ಇಗರ್ಜಿಗೆ ಹೊರಡಲು ಹೆಂಡತಿ ಎರಡು ನಿಮಿಷ ತಡಮಾಡಿದರೆ ಅವಳನ್ನು ಬಿಟ್ಟು ನಡೆದುಬಿಡುತ್ತಿದ್ದ. ಅವಳ ಹೆಸರು ಡೋರೀನ್, ಇಂಗ್ಲೆಂಡಿನವಳು, ಅಲ್ಲಿನ ಮೀನುಗಾರನೊಬ್ಬನ ಮಗಳು. ಒಂದು ದಿನ ನಾಲ್ಕು ವರ್ಷದ ಮಗ ಕೀತ್‌ನನ್ನು ಕರೆದುಕೊಂಡು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಇವನು ಕರೆಯಲೂ ಹೋಗಲಿಲ್ಲ. ತಾಳಿದವನು ಬಾಳಿಯಾನು ಎಂದು ಇವನಿಗೆ ಯಾರೂ ಕಲಿಸಿರಲಿಲ್ಲ. ಕಲಿಸಿದ್ದರೂ ಕಲಿಯುವವರ ಪೈಕಿಯಲ್ಲ.

ನಾನು ಪಕ್ಕದ ಮನೆಯ ಹಿಲ್ಲಿ. ಗಂಡ ಸತ್ತ ಮೇಲೆ ಹೊತ್ತು ಹೋಗದೆ ಗ್ರಂಥಾಲಯದ ಇಂಗ್ಲಿಷ್ ತರಗತಿಗೆ ಸೇರಿದ್ದೆ. ತೊಂಬತ್ತೆಂಟರ ಚಳಿಗಾಲದಲ್ಲಿ, ಎಪ್ಪತ್ತು ದಾಟಿದ ರೂಲೊಫನೂ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತ.

"ಏನೋ, ಈ ವಯಸ್ಸಲ್ಲಿ ಇಂಗ್ಲಿಷ್ ಕಲ್ತು ಯಾವ ರಾಣಿ ಹತ್ರ ಮಾತಾಡ್ಬೇಕು ನಿಂಗೆ?" ಎಂದು ಕೆಣಕಿದೆ.

"ಕೀತ್ ಕಾಗದ ಬರ್ದಿದಾನೆ. ಅವರಮ್ಮ ತೀರ್ಕೊಂಡ್ಲಂತೆ," ಎಂದ. "ಅವನಿಗೆ ನಮ್ಮ ಮಾತು ಬರಲ್ಲ. ಒಂದ್ಸಲ ಎದುರಿಗೆ ಕೂತು ಅವನ ಜೊತೆ ನಾಲ್ಕು ಮಾತಾಡ್ಬೇಕು ಹಿಲ್ಲಿ. ಅಷ್ಟು ಬಂದ್ರೆ ಸಾಕು."

ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳುವಂತಾಯಿತು.

ಕಷ್ಟಪಟ್ಟ, ಸುಳ್ಳಲ್ಲ. ಮೀನಿನ ತಣ್ಣೀರಿನಲ್ಲಿ ಸೆಟೆದ ಬೆರಳುಗಳಲ್ಲಿ ಪೆನ್ಸಿಲ್ ನಿಲ್ಲುತ್ತಿರಲಿಲ್ಲ. ಆದರೂ ಪುಟಗಟ್ಟಲೆ ಬರೆದ. ಗಂಟೆ ಹೇಳುವ ಪಾಠದ ದಿನ ಮಾತ್ರ ತಪ್ಪಿಸಿಕೊಂಡ. "ಸೈರನ್ ಕೇಳ್ಕೊಂಡೇ ಮುದುಕ ಆದವನು ನಾನು. ನಂಗೆ ಗಂಟೆ ಕಲಿಸ್ತಾರಂತೆ," ಎಂದು ಗೊಣಗಿ ಕ್ಷೌರಕ್ಕೆ ಹೋದ.

ಅದೇ ವಾರ ಶುಕ್ರವಾರ ಬೇಲಿಯ ಆಚೆಯಿಂದ ಕೂಗಿದ. ಮುಖ ಕೆಂಪಾಗಿತ್ತು. "ಕೀತ್ ಫೋನ್ ಮಾಡಿದ್ದ. ಕೆಲಸಕ್ಕೆ ಆಮ್‌ಸ್ಟರ್‌ಡ್ಯಾಮಿಗೆ ಬಂದಿದಾನಂತೆ. ನಾಳೆ ಸಂಜೆ ನಮ್ಮ ಬಂದರಿಂದಾನೇ ಹಡಗು. ಅದಕ್ಕೆ ಮುಂಚೆ ಹಡಗುಕಟ್ಟೆ ಎದುರಿನ ಹೋಟ್ಲಿಗೆ ಬರ್ತೀನಿ ಅಂದ."

"ಎಷ್ಟು ಹೊತ್ತಿಗೆ?"

"ಅರ್ಧ ಮೂರಕ್ಕೆ."

ನಮ್ಮಲ್ಲಿ ಅರ್ಧ ಮೂರು ಅಂದರೆ ಎರಡೂವರೆ. ಮೂರನೆಯ ಗಂಟೆ ಅರ್ಧ ಆಯಿತು ಎಂದು ಅರ್ಥ. ಮೂರಕ್ಕೆ ಮುಟ್ಟುವ ಮೊದಲೇ ಮೂರರ ಹೆಸರು ಹೇಳುವ ಜನ ನಾವು.

ಶನಿವಾರ ಇದ್ದೊಂದು ಸೂಟು ಹಾಕಿ, ಹೊಗೆಯಲ್ಲಿ ಒಣಗಿಸಿದ ಹಾವುಮೀನನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋದ. ನಾಲ್ಕಕ್ಕೆಲ್ಲ ಮನೆಗೆ ಬಂದುಬಿಟ್ಟಿದ್ದ.

"ಬರ್ಲಿಲ್ಲ ಅವನು," ಎಂದ. "ಎರಡೂವರೆಯಿಂದ ಐವತ್ತು ನಿಮಿಷ ಕೂತೆ. ಅಷ್ಟು ಹೊತ್ತು ನಾನು ಯಾರಿಗೂ ಕಾದಿಲ್ಲ. ಬರೋ ಮನಸ್ಸಿದ್ದೋನು ಹೊತ್ತಿಗೆ ಬರ್ತಾನೆ."

ಮೀನಿನ ಪೊಟ್ಟಣವನ್ನು ನನ್ನ ಕೈಗೆ ತುರುಕಿ ಬಾಗಿಲು ಹಾಕಿಕೊಂಡ.

ಮಂಗಳವಾರ ತರಗತಿಗೆ ಅವನನ್ನು ನಾನೇ ಎಳೆದುಕೊಂಡು ಹೋದೆ. ಟೀಚರ್ ರಟ್ಟಿನ ಗಡಿಯಾರವನ್ನು ಅವನ ಮುಂದಿಟ್ಟರು. "ಹೋದ ವಾರ ತಪ್ಪಿಸ್ಕೊಂಡ್ರಲ್ಲ, ಈಗ ತೋರ್ಸಿ ನೋಡೋಣ. ಹಾಫ್ ತ್ರೀ."

ರೂಲೊಫ್ ಮುಳ್ಳುಗಳನ್ನು ಎರಡೂವರೆಗೆ ತಂದ. ತರಗತಿಯಲ್ಲಿ ನಗು ಎದ್ದಿತು. ಹೋದ ವಾರ ನಾವೆಲ್ಲರೂ ಅಲ್ಲಿಗೇ ತಂದಿದ್ದೆವು.

"ಎಲ್ರೂ ಮುಗ್ಗರಿಸೋದು ಇಲ್ಲೇ," ಎಂದು ಟೀಚರ್ ಚಿಕ್ಕ ಮುಳ್ಳನ್ನು ಮುಂದೆ ತಳ್ಳಿದರು. "ಇಂಗ್ಲಿಷಿನವರು ಹಾಗಂದ್ರೆ ಮೂರು ಕಳೆದು ಅರ್ಧ. ಮೂರೂವರೆ."

ಶನಿವಾರ ನಡೆದದ್ದೇನೆಂದು ನನಗೆ ಆಗ ಹೊಳೆಯಿತು. ಈ ಪಾಠ ನನಗೆ ಗೊತ್ತಿತ್ತು. ಆದರೆ ರೂಲೊಫ್ ಬೇಲಿಯ ಹತ್ತಿರ ಹೇಳಿದ್ದು ನಮ್ಮ ಭಾಷೆಯಲ್ಲಿ. ಮಗ ಇಂಗ್ಲಿಷಿನಲ್ಲಿ ಏನೆಂದು ಹೇಳಿದ ಎಂದು ಒಂದೇ ಒಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ. ಆ ಪಾಪಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ರೂಲೊಫ್ ಗಡಿಯಾರವನ್ನೇ ನೋಡುತ್ತಿದ್ದ. "ಎಲ್ಲ ಇಂಗ್ಲಿಷಿನವರೂ ಹೀಗೇ ಹೇಳ್ತಾರಾ?" ಎಂದು ಕೇಳಿದ. ಹೌದು ಎಂದರು ಟೀಚರ್. ಅವನು ಕೋಟು ಎತ್ತಿಕೊಂಡು ಹೊರಗೆ ನಡೆದ.

ಅಂದೇ ನಾವಿಬ್ಬರೂ ನಿಘಂಟು ಹಿಡಿದು ಕುಳಿತು ನಡೆದದ್ದನ್ನೆಲ್ಲ ಕೀತ್‌ಗೆ ಬರೆದೆವು. ಮೂರು ವಾರ ಬಿಟ್ಟು ಉತ್ತರ ಬಂತು. ರೂಲೊಫ್ ಅದನ್ನು ಒಡೆಯದೆ ನನಗೆ ಕೊಟ್ಟ. ನಾನು ನಮ್ಮ ಭಾಷೆಗೆ ತಿರುಗಿಸುತ್ತ ಓದಿದೆ.

"ಗಂಟೆಯ ವಿಷಯ ನಂಬುತ್ತೇನೆ. ಮೂರೂವರೆಗೆ ನಾನು ಬಂದಾಗ, ಸೂಟು ಹಾಕಿದ ಮುದುಕರೊಬ್ಬರು ಈಗಷ್ಟೇ ಎದ್ದು ಹೋದರು ಎಂದು ಹೋಟೆಲಿನವನು ಹೇಳಿದ. ಹತ್ತು ನಿಮಿಷದ ಮಾತು. ತಿರುಗಿ ಬರಬಹುದೆಂದು ಹಡಗು ಹತ್ತುವವರೆಗೂ ಕುಳಿತಿದ್ದೆ. ಮೂವತ್ತಾರು ವರ್ಷದ ಮೇಲೆ ಮಗನನ್ನು ನೋಡಲು ಬಂದ ನೀವು ಐವತ್ತೇ ನಿಮಿಷ ಕಾದಿರಿ. ಅಮ್ಮ ನಿಮ್ಮ ಬಗ್ಗೆ ಹೇಳಿದ್ದು ಸುಳ್ಳಾಗಲಿ ಎಂದು ನನಗೆ ಆಸೆಯಿತ್ತು. ಇನ್ನು ಬರೆಯಬೇಡಿ."

ಕೊನೆಯ ಸಾಲನ್ನು ಬಿಟ್ಟು ಓದೋಣವೆನಿಸಿತು. ಆದರೆ ಅವನು ಕಾಗದದ ಮೇಲೆ ಕಣ್ಣಿಟ್ಟು ಸಾಲು ಎಣಿಸುತ್ತಿದ್ದ. ಓದಿದೆ.

"ಬೇಜಾರು ಮಾಡ್ಕೋಬೇಡ ಕಣೋ," ಎಂದೆ. "ಭಾಷೆಯಿಂದ ಆದ ತಪ್ಪು. ನೀನೇನು ಮಾಡಕ್ಕಾಗುತ್ತೆ?"

"ಗಂಟೆ ತಪ್ಪಿದ್ದು ಭಾಷೆಯಿಂದ," ಎಂದ ರೂಲೊಫ್. "ಎದ್ದು ಬಂದಿದ್ದು ನಾನು."