ಊಟದ ಬಿಡುವಿನ ಫೋನು

2023ರಲ್ಲಿ ನಾನು ದೆಹಲಿಯ ಹೌಜ್ ಖಾಸ್ ಬಳಿಯ ಒಂದು ಖಾಸಗಿ ಶಾಲೆಯಲ್ಲಿ ವೈಸ್ ಪ್ರಿನ್ಸಿಪಾಲ್ ಆಗಿದ್ದೆ. ತರಗತಿಗಳಲ್ಲಿ ಮೊಬೈಲಿಗೆ ಕಡಿವಾಣ ಹಾಕುವ ಕೆಲಸ ಆ ವರ್ಷ ನನ್ನ ತಲೆಗೆ ಬಂತು. ಬೆಳಿಗ್ಗೆ ಬಂದ ಕೂಡಲೇ ಫೋನನ್ನು ಆಫ್ ಮಾಡಿ, ಬೋರ್ಡಿನ ಪಕ್ಕ ನೇತುಹಾಕಿದ ಬಟ್ಟೆಯ ಜೇಬಿನಲ್ಲಿಡಬೇಕು. ಮನೆಗೆ ಹೊರಡುವಾಗ ತೆಗೆದುಕೊಳ್ಳಬೇಕು. ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದರೆ ಅದು ನನ್ನ ಕಪಾಟಿಗೆ. ಪೋಷಕರು ಬಂದರಷ್ಟೇ ವಾಪಸು. ಮಕ್ಕಳು ಗೊಣಗಿದರು, ಕೆಲವು ಪೋಷಕರು ಮಕ್ಕಳಿಗಿಂತ ಹೆಚ್ಚು ಗೊಣಗಿದರು. ಆದರೆ ಸ್ವಲ್ಪ ದಿನಗಳಲ್ಲೇ ಊಟದ ಬಿಡುವಿನಲ್ಲಿ ಮತ್ತೆ ಗಲಾಟೆ ಶುರುವಾಯಿತು. ಎಷ್ಟೋ ವರ್ಷದಿಂದ ಕಾಣೆಯಾಗಿದ್ದ ಆ ಗಲಾಟೆ ಕೇಳಿ ನನಗೆ ಖುಷಿಯಾಗಿತ್ತು.

ಹೀಗಿರುವಾಗ ಹನ್ನೊಂದನೆಯ ತರಗತಿಯ ಸಿಂಚನಾ ಸಿಕ್ಕಿಬಿದ್ದಳು. ಕೆಟ್ಟುಹೋದ ಹಳೆಯ ಫೋನನ್ನು ಬೋರ್ಡಿನ ಪಕ್ಕದ ಜೇಬಿನಲ್ಲಿಟ್ಟು, ಒಳ್ಳೆಯದನ್ನು ಬ್ಯಾಗಿನಲ್ಲಿ ಬಚ್ಚಿಟ್ಟಿದ್ದಳು. ಮರುದಿನ ಅವಳ ತಂದೆ ಬಂದರು. ಕೇಂದ್ರ ಸರ್ಕಾರದ ಅಧಿಕಾರಿ, ದಾವಣಗೆರೆ ಕಡೆಯವರು. ಬಾಗಿಲ ಮೇಲಿನ ನನ್ನ ಹೆಸರು ನೋಡಿ ಕನ್ನಡದಲ್ಲೇ ಮಾತಿಗಿಳಿದರು.

"ಇವಳಮ್ಮ ಹಿಮಾಚಲದಲ್ಲಿ ಟನಲ್ ಇಂಜಿನಿಯರ್, ಮೇಡಂ. ಕ್ಯಾಂಪಲ್ಲಿ ಸಿಗ್ನಲ್ ಇಲ್ಲ. ಮಧ್ಯಾಹ್ನ ಊಟಕ್ಕೆ ಸುರಂಗದಿಂದ ಹೊರಗೆ ಬಂದಾಗ ಮಾತ್ರ ಫೋನ್ ಸಿಗುತ್ತೆ. ಆಗ ನನಗೆ ಮೀಟಿಂಗು. ಸಂಜೆ ಇವಳು ಏನು ಹೇಳ್ತಾಳೋ ಅದೇ ನನಗೂ ಸುದ್ದಿ."

ಸಿಂಚನಾ ತಲೆ ಎತ್ತಲಿಲ್ಲ. "ಫೋನ್ ನಹೀ ಲಗಾ ತೋ ಮಮ್ಮಿ ವಹೀಂ ಖಡೀ ರಹತೀ ಹೈ, ಮ್ಯಾಮ್. ಖಾನಾ ಭೀ ನಹೀ ಖಾತೀ." ಫೋನು ಸಿಗದಿದ್ದರೆ ಅಮ್ಮ ಊಟವನ್ನೂ ಬಿಟ್ಟು ಅಲ್ಲೇ ನಿಂತಿರುತ್ತಾಳಂತೆ.

ಒಬ್ಬಳಿಗೆ ಸಡಿಲಿಸಿದರೆ ಎಲ್ಲರೂ ಸಾಲುಗಟ್ಟುತ್ತಾರೆಂದು ಗೊತ್ತಿತ್ತು. ಆ ಕರೆಯನ್ನು ನಿಲ್ಲಿಸಲೂ ಮನಸ್ಸಾಗಲಿಲ್ಲ. ಕೊನೆಗೆ ಆಫೀಸಿನ ಲ್ಯಾಂಡ್‌ಲೈನ್ ನಂಬರ್ ಕೊಟ್ಟೆ. ಅಮ್ಮ ಅದಕ್ಕೇ ಮಾಡಲಿ, ಮಗಳು ಬಿಡುವಿನಲ್ಲಿ ಬಂದು ಮಾತಾಡಲಿ.

ಆ ಫೋನಿದ್ದದ್ದು ನನ್ನ ಎದುರಿಗೆ, ಕ್ಲರ್ಕ್ ತ್ಯಾಗೀಜಿಯ ಮೇಜಿನ ಮೇಲೆ. ಮೊದಲ ದಿನ ಸಿಂಚನಾ ಎಂದಿನಂತೆ ಹಿಂದಿಯಲ್ಲಿ ಶುರುಮಾಡಿದವಳು, ತ್ಯಾಗೀಜಿ ಕಿವಿ ನಿಮಿರಿಸಿದ್ದನ್ನು ಕಂಡು ತಡೆದಳು. ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ, ಹುಟ್ಟಿದಾಗಿನಿಂದ ಕೇಳಿದ್ದರೂ ಬಾಯಿಬಿಟ್ಟು ಆಡದ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ ಹೇಳಿದಳು: "ಅಮ್ಮಾ... ನನಗೆ ನೀನು ಬೇಕು. ಯಾವಾಗ ಬರ್ತೀ?"

ತ್ಯಾಗೀಜಿಗೆ ಒಂದಕ್ಷರವೂ ತಿಳಿಯಲಿಲ್ಲ. ಆ ಕೋಣೆಯಲ್ಲಿ ಅರ್ಥವಾಗುವವಳು ನಾನೊಬ್ಬಳೇ, ಹಾಗಾಗಿ ನಾನೇ ಎದ್ದು ವರಾಂಡಕ್ಕೆ ಹೋದೆ. ಅಂದಿನಿಂದ ಅದೇ ರೂಢಿಯಾಯಿತು. ಪತಿ ತೀರಿಕೊಂಡ ಮೇಲೆ ನನ್ನ ಮನೆಯಲ್ಲಿ ಕನ್ನಡ ನಿಂತುಹೋಗಿತ್ತು. ಮಗನದು ಪೂರಾ ಹಿಂದಿ. ಬಾಗಿಲಲ್ಲೇ ನಿಂತು ಆ ತಾಯಿ ಮಗಳ ಮಾತು ಕೇಳಬೇಕೆಂದು ಜೀವ ಹಂಬಲಿಸುತ್ತಿತ್ತು, ಅದರಲ್ಲಿ ಮುಚ್ಚುಮರೆ ಯಾಕೆ. ಆದರೂ ಕಿವಿಗೆ ಬೀಳದಷ್ಟು ದೂರ, ವಾಟರ್ ಕೂಲರ್ ತನಕ ನಡೆದುಹೋಗಿ ನಿಲ್ಲುತ್ತಿದ್ದೆ.

ಈಗ ನಿವೃತ್ತಳಾಗಿದ್ದೇನೆ. ಶಾಲೆಯವರು ಯಾರಾದರೂ ಸಲಹೆ ಕೇಳಿದರೆ, ಫೋನು ಖಂಡಿತ ತೆಗೆದಿಡಿಸಿ, ಅದಕ್ಕೂ ಮೊದಲು ಆ ಕಡೆ ಯಾರು ಕಾಯುತ್ತಿದ್ದಾರೆಂದು ಕೇಳಿ ಎನ್ನುತ್ತೇನೆ. ನನ್ನ ಕೆಲಸ ಕಲಿಸಿದ್ದು ಇಷ್ಟೇ.

ಸಿಂಚನಾ ಹನ್ನೆರಡನೆಯ ತರಗತಿ ಮುಗಿಸಿದ ಕೊನೆಯ ದಿನ ಫೋನು ಬಂದಾಗ ಎಂದಿನಂತೆ ಎದ್ದೆ. "ಹೋಗ್ಬೇಡಿ ಮ್ಯಾಮ್, ಕೂತ್ಕೊಳ್ಳಿ," ಎಂದವಳೇ ರಿಸೀವರನ್ನು ನನ್ನ ಕೈಗಿತ್ತಳು.

ಆ ಕಡೆಯಿಂದ ಅವಳಮ್ಮನ ದನಿ: "ನಮಸ್ಕಾರ ಮೇಡಂ. ಊಟ ಆಯ್ತಾ?"

ಆಗಿತ್ತು. ಆದರೂ "ಇನ್ನೂ ಇಲ್ಲ" ಎಂದೆ, ಮಾತು ಮುಂದುವರಿಯಲಿ ಅಂತ.