ಹಗಲು ನಿದ್ದೆಯ ಕಾವಲು

ಗುಬ್ಬಿ ಊರಿನ ನನ್ನ ಗಂಡನ ಮನೆಯಲ್ಲಿ ನನಗೆ ಮೂರ್ಛೆರೋಗವಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮದುವೆಗೆ ಮುಂಚೆ ಅಮ್ಮ, "ಬಾಯಿ ಬಿಟ್ಟೀಯ ಜೋಕೆ. ಗೊತ್ತಾದ್ರೆ ವಾಪಸ್ ಕಳಿಸ್ತಾರೆ" ಎಂದು ಹೆದರಿಸಿದ್ದಳು. ಮಾತ್ರೆಗಳನ್ನು ಪೌಡರ್ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡು ದಿನ ದೂಡುತ್ತಿದ್ದೆ.

ತೊಂಬತ್ತರ ದಶಕದ ಮಾತು. ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ನರ್ಸ್. ಮಾತ್ರೆ ತಪ್ಪಬಾರದು, ನಿದ್ದೆ ಕೆಡಬಾರದು ಎಂದು ರೋಗಿಗಳಿಗೆ ಬುದ್ಧಿ ಹೇಳುವವಳೇ ನೈಟ್ ಡ್ಯೂಟಿ ಮುಗಿಸಿ, ಬೆಳಗಿನ ಬಸ್ಸಿನಲ್ಲಿ ತೂಕಡಿಸುತ್ತ ಮನೆ ಸೇರುತ್ತಿದ್ದೆ. ಹಗಲು ಮಲಗಿದರೆ ಅತ್ತೆ ಕೋಣೆಯ ಬಾಗಿಲಲ್ಲೇ ಅಕ್ಕಿ ಆರಿಸುತ್ತ ಕೂರುತ್ತಿದ್ದರು. ಇಡೀ ಮನೆಯಲ್ಲಿ ಅವರಿಗೆ ಬೇರೆ ಜಾಗವೇ ಇರಲಿಲ್ಲವೇ? ಸೊಪ್ಪಿನವಳು ಕೂಗಿದರೆ ಓಡಿಹೋಗಿ ಅವಳ ಬಾಯಿ ಮುಚ್ಚಿಸಿ ಬಂದು, ಮತ್ತೆ ಅಲ್ಲೇ. ಇದು ಅಕ್ಕರೆಯಲ್ಲ, ಪತ್ತೇದಾರಿಕೆ ಎಂದು ನನಗೆ ಖಾತ್ರಿಯಾಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನು. ಅವರು ಪೌಡರ್ ಡಬ್ಬಿಯ ಕಡೆ ಕಣ್ಣು ಹಾಯಿಸಿದರೂ ಸಾಕು, ಆಮೇಲೆ ಅದನ್ನು ಸೀರೆಗಳ ಅಡಿಗೆ ಸರಿಸುತ್ತಿದ್ದೆ.

ಒಂದು ಮಧ್ಯಾಹ್ನ ಎಚ್ಚರವಾದಾಗ ನಾಲಿಗೆ ಕಚ್ಚಿಹೋಗಿತ್ತು, ಮೈಯೆಲ್ಲ ನೋವು. ಅಂಗೈಯಲ್ಲಿ ಅತ್ತೆಯ ಕಬ್ಬಿಣದ ಅಡಕತ್ತರಿ! ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸುವುದು ನಮ್ಮ ಕಡೆಯ ರೂಢಿ. ವಾರ್ಡಿನಲ್ಲಿ ಹಾಗೆ ಕೀಲಿಗೊಂಚಲು ತುರುಕುವವರನ್ನು ನಾನು ಎಷ್ಟು ಬೈದಿದ್ದೆನೋ.

ನನ್ನ ಸಂಸಾರದ ಕತೆ ಮುಗಿಯಿತು ಅಂದುಕೊಂಡೆ. ಸಂಜೆ ಗಂಡ ಅಂಗಡಿಯಿಂದ ಬಂದಾಗ ಅತ್ತೆ, "ಅವ್ಳಿಗೆ ಸುಸ್ತಂತೆ ಕಣೋ, ಮಲಗ್ಲಿ ಬುಡು" ಎಂದರು, ಅಷ್ಟೇ. ನನ್ನ ಅನುಮಾನ ಇನ್ನೂ ಹೆಚ್ಚಿತು. ಹಿರಿಯರನ್ನೆಲ್ಲ ಕೂಡಿಸಿ ಮಾನ ಹರಾಜು ಹಾಕುವ ಸಂಚಿರಬೇಕು ಎಂದು ಹೆದರಿದೆ.

ಮರುದಿನ ಕಾಫಿ ಕುಡಿಯುತ್ತ ಅವರೇ ಮಾತು ತೆಗೆದರು. "ಕಬ್ಬಿಣ ಹಿಡಿಸ್ದೆ, ನಿಂತೋಯ್ತು ನೋಡು."

ಬಾಯಿ ಬಿಡಿಸಲು ಗಾಳ ಹಾಕುತ್ತಿದ್ದಾರೆ ಅನ್ನಿಸಿತು. ಆದರೂ ನರ್ಸಿನ ಬಾಯಿ ಸುಮ್ಮನಿರಬೇಕಲ್ಲ! "ಕಬ್ಬಿಣದಿಂದ ಏನೂ ಆಗಲ್ಲ ಅತ್ತೆ. ಮಗ್ಗುಲಿಗೆ ಹೊರಳಿಸಿ ಮಲಗಿಸ್ಬೇಕು. ನಂಗೆ ಚಿಕ್ಕಂದಿನಿಂದ ಬಂದಾಗೆಲ್ಲ..." ಅಂದವಳು ಗಕ್ಕನೆ ನಿಲ್ಲಿಸಿದೆ. ತುಂಬ ತಡವಾಗಿತ್ತು.

ಅತ್ತೆ ಲೋಟ ಕೆಳಗಿಟ್ಟರು. ಅವರ ಕಣ್ಣು ತುಂಬಿತ್ತು.

"ನಿನ್ನ ಗಂಡಂಗೆ ನೀನೇ ಹೇಳ್ಕೋ, ನಾನು ಹೇಳಲ್ಲ. ಆದ್ರೆ ನಂಗಾದ್ರೂ ಮುಂಚೆನೇ ಹೇಳೋಕೆ ಏನಾಗಿತ್ತೇ? ನೀನು ಸತ್ತೇ ಹೋದೆ ಅನ್ಕಂಡು, ನಿನ್ನ ತಲೆ ತೊಡೆ ಮೇಲಿಟ್ಕಂಡು ಒಬ್ಳೇ ಕೂತಿದ್ದೆ ಕಣೇ."